ಆಡುನುಡಿ, ಭಾಷಾವಿಜ್ಞಾನ ಮತ್ತು ಜಾನಪದ: ಶಿವಮೊಗ್ಗ–ಭದ್ರಾವತಿ ಪರಿಸರದ ಒಂದು ಅಧ್ಯಯನ ಪರಂಪರೆ

ಪೀಠಿಕೆ

ಕರ್ನಾಟಕದ ವಿಶ್ವವಿದ್ಯಾನಿಲಯಗಳಲ್ಲಿ ಭಾಷಾವಿಜ್ಞಾನವು ಬಹುಮಟ್ಟಿಗೆ ಸ್ನಾತಕೋತ್ತರ ಕನ್ನಡ ತರಗತಿಯ ಒಂದು ಪತ್ರಿಕೆಯಾಗಿ ಪರಿಚಿತವಾಗಿದೆ. ಧ್ವನಿಮಾ, ಆಕೃತಿಮಾ, ಸ್ವನಪರಿವರ್ತನೆ, ದ್ರಾವಿಡ ಭಾಷಾ ವರ್ಗೀಕರಣ ಎಂಬ ಕೆಲವು ಅಧ್ಯಾಯಗಳನ್ನು ಪರೀಕ್ಷೆಗಾಗಿ ಓದಿ, ಅನಂತರ ಸಾಹಿತ್ಯದ ಪತ್ರಿಕೆಗಳತ್ತ ಹೊರಳುವುದು ವಿದ್ಯಾರ್ಥಿಗಳ ರೂಢಿ. ಭಾಷಾವಿಜ್ಞಾನವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಳ್ಳಲು ಬಯಸುವ ವಿದ್ಯಾರ್ಥಿಗೆ ಮನೆಯವರಿಂದಲೂ ನೆರೆಹೊರೆಯವರಿಂದಲೂ ಎದುರಾಗುವ ಪ್ರಶ್ನೆ ಒಂದೇ: ಇದನ್ನು ಓದಿ ಏನು ಮಾಡುವುದು? ಈ ಪ್ರಶ್ನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಒಂದು ಶಾಸ್ತ್ರವು ತನ್ನನ್ನು ಓದಿದವರನ್ನು ಎಲ್ಲಿಗೆ ಕರೆದೊಯ್ದಿದೆ ಎಂಬುದನ್ನು ತಿಳಿಯಲು ಅದರ ಚರಿತ್ರೆಯನ್ನೇ ನೋಡಬೇಕಾಗುತ್ತದೆ.

ಅಂತಹ ಚರಿತ್ರೆಯ ಒಂದು ಭಾಗ ಶಿವಮೊಗ್ಗ ಜಿಲ್ಲೆಯ ನೆಲದಲ್ಲಿಯೇ ಇದೆ. ಆಧುನಿಕ ಕನ್ನಡ ಭಾಷಾವಿಜ್ಞಾನವನ್ನು ಕಟ್ಟಿದ ತಲೆಮಾರಿನ ಇಬ್ಬರು ಪ್ರಮುಖ ವಿದ್ವಾಂಸರು 1931ರಲ್ಲಿ ಈ ಜಿಲ್ಲೆಯ ಹಳ್ಳಿಗಳಲ್ಲಿ ಹುಟ್ಟಿದರು. ಅವರಲ್ಲೊಬ್ಬರು ಭಾಷಾವಿಜ್ಞಾನದ ಮೂಲಕ ಜಾನಪದಕ್ಕೂ ಇನ್ನೊಬ್ಬರು ಶಾಸನ ಮತ್ತು ಸಂಸ್ಕೃತಿಯ ಅಧ್ಯಯನಕ್ಕೂ ಮುಖ್ಯ ಕೊಡುಗೆ ನೀಡಿದರು. ಈ ಪರಂಪರೆಯನ್ನು ಗುರುತಿಸುವುದು, ಶಿವಮೊಗ್ಗ ಮತ್ತು ಭದ್ರಾವತಿಗಳ ಭಾಷಿಕ ಪರಿಸರವನ್ನು ಅದರ ಹಿನ್ನೆಲೆಯಲ್ಲಿ ಪರಿಶೀಲಿಸುವುದು, ಜಾನಪದ ಸಂಶೋಧನೆಗೆ ಭಾಷಾವಿಜ್ಞಾನದ ತರಬೇತಿ ಏಕೆ ಅಗತ್ಯವೆಂಬುದನ್ನು ವಿವರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ನೆಲದ ಸಾಮಗ್ರಿ

ಭಾಷೆಯ ಚರಿತ್ರೆಯನ್ನು ಬರೆಯಲು ಕಾಲ ನಿರ್ದಿಷ್ಟವಾಗಿರುವ ದಾಖಲೆಗಳು ಬೇಕು. ಕನ್ನಡದಲ್ಲಿ ಅಂತಹ ದಾಖಲೆಗಳೆಂದರೆ ಮುಖ್ಯವಾಗಿ ಶಾಸನಗಳು. ಬಿ.ಎಲ್. ರೈಸ್ ಅವರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಮಾಲೆಯಲ್ಲಿ ಶಿವಮೊಗ್ಗ ಜಿಲ್ಲೆಗಾಗಿ ಎರಡು ಸಂಪುಟಗಳನ್ನೇ ಮೀಸಲಿಡಬೇಕಾಯಿತು. ಏಳನೆಯ ಸಂಪುಟ 1902ರಲ್ಲಿಯೂ ಎಂಟನೆಯದು 1904ರಲ್ಲಿಯೂ ಪ್ರಕಟವಾದವು. ಶಿಕಾರಿಪುರ ತಾಲ್ಲೂಕಿನ ತಾಳಗುಂದ, ಬಳ್ಳಿಗಾವಿ, ಹೊಸನಗರ ತಾಲ್ಲೂಕಿನ ಹುಂಚ ಮೊದಲಾದ ನೆಲೆಗಳು ಕನ್ನಡ ಭಾಷೆಯ ಹಲವು ಶತಮಾನಗಳ ರೂಪಗಳನ್ನು ಕಲ್ಲಿನಲ್ಲಿ ಉಳಿಸಿಕೊಂಡಿವೆ. 2013-14ರಲ್ಲಿ ತಾಳಗುಂದದ ಪ್ರಣವೇಶ್ವರ ದೇವಾಲಯದ ಆವರಣದಲ್ಲಿ ನಡೆದ ಉತ್ಖನನದಲ್ಲಿ ದೊರೆತ ಸಿಂಹಕಟಾಂಜನ ಶಾಸನವನ್ನು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಕ್ರಿ.ಶ. 370ರ ಸುಮಾರಿನದೆಂದು ಗುರುತಿಸಿದ ಮೇಲೆ, ಹಲ್ಮಿಡಿ ಶಾಸನಕ್ಕಿಂತ ಹಿಂದಿನ ಕನ್ನಡದ ಚರ್ಚೆಯೂ ಈ ಜಿಲ್ಲೆಯನ್ನು ಕೇಂದ್ರವಾಗಿಸಿಕೊಂಡಿದೆ.

ಶಾಸನಗಳ ಭಾಷೆಯನ್ನು ಚಾರಿತ್ರಿಕ ವ್ಯಾಕರಣದ ದೃಷ್ಟಿಯಿಂದ ವಿವೇಚಿಸುವ ಕೆಲಸವನ್ನು ಎ.ಎನ್. ನರಸಿಂಹಯ್ಯ ಅವರು ಆರು ಮತ್ತು ಏಳನೆಯ ಶತಮಾನಗಳ ಶಾಸನಗಳನ್ನು ಆಧರಿಸಿ 1941ರ ತಮ್ಮ ಗ್ರಂಥದಲ್ಲಿ ಮಾಡಿದರು. ಎಂಟರಿಂದ ಹತ್ತನೆಯ ಶತಮಾನದವರೆಗಿನ ಶಾಸನಗಳನ್ನು ಆಧರಿಸಿದ ಜಿ.ಎಸ್. ಗಾಯಿ ಅವರ ಗ್ರಂಥ 1946ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಿಂದ ಪ್ರಕಟವಾಯಿತು. ಇಂತಹ ವಿವೇಚನೆಯ ಪ್ರಯೋಜನವನ್ನು ಒಂದು ಸ್ಥಳನಾಮದಿಂದಲೇ ತಿಳಿಯಬಹುದು. ಶಾಸನಗಳ ಪೊಂಬುರ್ಚ ಇಂದಿನ ಹುಂಚ. ಪದಾದಿಯ ಪಕಾರವು ಹಕಾರವಾಗುವುದು ಹಳಗನ್ನಡದಿಂದ ನಡುಗನ್ನಡಕ್ಕೆ ಸಾಗುವಾಗ ವ್ಯಾಪಕವಾಗಿ ನಡೆದ ಪರಿವರ್ತನೆ. ಪಾಲು ಹಾಲಾದುದೂ ಪಳ್ಳಿ ಹಳ್ಳಿಯಾದುದೂ ಪೊಂಬುರ್ಚ ಹುಂಚವಾದುದೂ ಒಂದೇ ನಿಯಮದ ಅಡಿಯಲ್ಲಿ ಬರುತ್ತವೆ. ಊರಿನ ಹೆಸರು ಬಾಯಿಂದ ಬಾಯಿಗೆ ಸವೆದು ಮನಬಂದಂತೆ ಬದಲಾಯಿತೆಂಬ ಸಾಮಾನ್ಯ ಭಾವನೆಯನ್ನು ಇದು ತಿದ್ದುತ್ತದೆ.

ಸಂಸ್ಕೃತ ವ್ಯಾಕರಣ ಪರಂಪರೆಯೊಂದಿಗೂ ಈ ಪ್ರದೇಶಕ್ಕೆ ಸಂಬಂಧವಿದೆ. ಸಿದ್ಧಾಂತಕೌಮುದಿಯ ಕರ್ತೃ ಭಟ್ಟೋಜಿ ದೀಕ್ಷಿತನು ತನ್ನ ತತ್ತ್ವಕೌಸ್ತುಭವೆಂಬ ವೇದಾಂತ ಗ್ರಂಥವನ್ನು ಕೆಳದಿಯ ವೆಂಕಟಪ್ಪನಾಯಕನ ಆಶ್ರಯದಲ್ಲಿ ರಚಿಸಿದನು. ಶಾಸನಗಳ ಭಾಷೆ ಮತ್ತು ಸಂಸ್ಕೃತ ವ್ಯಾಕರಣ ಎರಡಕ್ಕೂ ನೆಲೆಯಾದ ಈ ಪ್ರದೇಶದಲ್ಲಿ ಜನರಾಡುವ ಮಾತಿನ ಶಾಸ್ತ್ರೀಯ ದಾಖಲೆ ಮಾತ್ರ ಬಹಳ ತಡವಾಗಿ ಆರಂಭವಾಯಿತು. ಜಿ.ಎ. ಗ್ರಿಯರ್ಸನ್ ಅವರ ನೇತೃತ್ವದಲ್ಲಿ ಸಿದ್ಧವಾಗಿ 1903ರಿಂದ 1928ರ ಅವಧಿಯಲ್ಲಿ ಪ್ರಕಟವಾದ ಭಾರತದ ಭಾಷಾ ಸರ್ವೇಕ್ಷಣೆಯ ವ್ಯಾಪ್ತಿಯಿಂದ ಮದರಾಸು ಪ್ರಾಂತ, ಹೈದರಾಬಾದು, ಕೊಡಗು ಮತ್ತು ಮೈಸೂರು ಸಂಸ್ಥಾನಗಳು ಹೊರಗುಳಿದವು. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಮಾತಿನ ಮಾದರಿಗಳು ಅದರಲ್ಲಿ ಸೇರಿದವು. ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಶಿವಮೊಗ್ಗದ ಮಾತು ಸೇರಲಿಲ್ಲ. ಈ ಕೊರತೆಯ ಪರಿಣಾಮವನ್ನು ಮುಂದಿನ ಸಂಶೋಧಕರು ಬಹುಕಾಲ ಅನುಭವಿಸಬೇಕಾಯಿತು.

ಜಿಲ್ಲೆಯ ಇಬ್ಬರು ವಿದ್ವಾಂಸರು

ಎಂ. ಚಿದಾನಂದಮೂರ್ತಿ ಅವರು ಹುಟ್ಟಿದ್ದು ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿನಲ್ಲಿ. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಆ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನವೆಂಬ ಅವರ ಮಹಾಪ್ರಬಂಧ 1966ರಲ್ಲಿ ಪ್ರಕಟವಾಯಿತು. ಅದೇ ದಶಕದಲ್ಲಿ ಅವರು ಬರೆದ ‘ಭಾಷಾವಿಜ್ಞಾನದ ಮೂಲತತ್ತ್ವಗಳು’ ಕನ್ನಡದ ಮೂಲಕವೇ ಈ ಶಾಸ್ತ್ರವನ್ನು ಕಲಿಯಬೇಕಾದ ತಲೆಮಾರುಗಳಿಗೆ ಕೈಪಿಡಿಯಾಯಿತು. ಇಂಗ್ಲಿಷಿನಲ್ಲಿ ಬೆಳೆದಿದ್ದ ಪರಿಕಲ್ಪನೆಗಳನ್ನು ಕನ್ನಡದ ಉದಾಹರಣೆಗಳೊಂದಿಗೆ ವಿವರಿಸಿದ ಆ ಗ್ರಂಥದಿಂದ ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲಿ ಓದಿ ಬಂದ ವಿದ್ಯಾರ್ಥಿಗಳಿಗೂ ಭಾಷಾವಿಜ್ಞಾನದ ಬಾಗಿಲು ತೆರೆಯಿತು. ಶಾಸನದ ಒಂದು ಪದದ ರೂಪವನ್ನು ಹಿಡಿದು ಸಮಾಜದ ಒಂದು ಆಚರಣೆಯನ್ನು ಬೆಳಕಿಗೆ ತರುವ ಅವರ ವಿಧಾನದಲ್ಲಿ ಭಾಷಾವಿಜ್ಞಾನ ಮತ್ತು ಸಂಸ್ಕೃತಿ ಶೋಧಗಳು ಒಂದನ್ನೊಂದು ಬಿಟ್ಟಿರಲಿಲ್ಲ. 2020ರ ಜನವರಿಯಲ್ಲಿ ಅವರು ನಿಧನರಾದರು.

ತೀರ್ಥಹಳ್ಳಿ ತಾಲ್ಲೂಕಿನ ಹಾರೋಗದ್ದೆಯ ಮಾನಪ್ಪನಾಯಕರು, ಅಂದರೆ ಹಾ.ಮಾ. ನಾಯಕರು (1931–2000), ಈ ಪ್ರಬಂಧದ ದೃಷ್ಟಿಯಿಂದ ಇನ್ನೂ ಹತ್ತಿರದವರು. ಮಲೆನಾಡಿನ ಒಳಹಳ್ಳಿಯಲ್ಲಿ ಹುಟ್ಟಿ, ಶಿವಮೊಗ್ಗದಲ್ಲಿ ಇಂಟರ್‌ಮೀಡಿಯಟ್ ಮುಗಿಸಿ, ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಆನರ್ಸ್ ಓದಿದ ಅವರು ಎಂ.ಎ. ಪದವಿಗಾಗಿ ಕಲ್ಕತ್ತಾ ವಿಶ್ವವಿದ್ಯಾನಿಲಯಕ್ಕೆ ಹೋಗಿ ಭಾಷಾವಿಜ್ಞಾನವನ್ನು ಆರಿಸಿಕೊಂಡರು. ಅಶುತೋಷ್ ಮುಖರ್ಜಿ ಅವರು ಕುಲಪತಿಗಳಾಗಿದ್ದ ಕಾಲದಲ್ಲಿ ತೌಲನಿಕ ಭಾಷಾಶಾಸ್ತ್ರಕ್ಕೆ ಅಲ್ಲಿ ಸ್ಥಾನ ದೊರೆತಿತ್ತು. ಬಂಗಾಳಿ ಭಾಷೆಯ ಉಗಮ ವಿಕಾಸಗಳನ್ನು ಕುರಿತು 1926ರಲ್ಲಿ ಬೃಹದ್ಗ್ರಂಥವನ್ನು ಪ್ರಕಟಿಸಿದ ಸುನೀತಿಕುಮಾರ ಚಟರ್ಜಿ ಅವರಿಂದಾಗಿ ಆ ವಿಭಾಗ ದೇಶದಲ್ಲಿಯೇ ಹೆಸರಾಗಿತ್ತು. ಕನ್ನಡ ಸಾಹಿತ್ಯದ ವಿದ್ಯಾರ್ಥಿಗೆ ತನ್ನ ಭಾಷೆಯನ್ನು ಇತರ ಭಾಷೆಗಳ ನಡುವೆ ಇಟ್ಟು ನೋಡುವ ಶಿಸ್ತು ಅಂತಹ ವಿಭಾಗದಲ್ಲಿ ಸಾಧ್ಯವಾಗುತ್ತಿತ್ತು.

ಅಲ್ಲಿಂದ ಅವರು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯಕ್ಕೆ ತೆರಳಿದರು. ಭಾಷಾವಿಜ್ಞಾನ ಮತ್ತು ಜಾನಪದ ಎರಡೂ ಬಲವಾಗಿ ಬೆಳೆದಿದ್ದ ವಿಶ್ವವಿದ್ಯಾನಿಲಯವದು. ಸ್ಟಿತ್ ಥಾಮ್ಸನ್ ಅವರ ಆಶಯ ಸೂಚಿಯ ಪರಂಪರೆ ಅಲ್ಲಿಯದು. 1957ರಿಂದ ಅಲ್ಲಿಯ ಜಾನಪದ ಅಧ್ಯಯನದ ಹೊಣೆ ರಿಚರ್ಡ್ ಡಾರ್ಸನ್ ಅವರ ಮೇಲಿತ್ತು. ನಾಯಕರ ಪಿಎಚ್.ಡಿ. ಪ್ರಬಂಧದ ವಿಷಯ ಕನ್ನಡದ ಗ್ರಾಂಥಿಕ ಮತ್ತು ಆಡುಮಾತಿನ ಶೈಲಿಗಳು. ಅದು 1967ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟವಾಯಿತು. ಒಂದೇ ಭಾಷೆಯ ಎರಡು ಪ್ರಭೇದಗಳು ಒಂದೇ ಸಮಾಜದಲ್ಲಿ ಬೇರೆ ಬೇರೆ ಸಂದರ್ಭಗಳಿಗೆ ಬಳಕೆಯಾಗುವ ಸ್ಥಿತಿಯನ್ನು ಚಾರ್ಲ್ಸ್ ಫರ್ಗುಸನ್ ಅವರು 1959ರ ಲೇಖನದಲ್ಲಿ ದ್ವಿಸ್ತರ ಭಾಷಾಸ್ಥಿತಿ ಎಂದು ಗುರುತಿಸಿದ್ದರು. ಬರೆಹದಲ್ಲಿ ‘ಬರುತ್ತಾನೆ’, ಮಾತಿನಲ್ಲಿ ‘ಬರ್ತಾನೆ’, ಕೆಲವೆಡೆ ‘ಬತ್ತಾನೆ’ ಎಂಬ ವ್ಯತ್ಯಾಸವನ್ನು ಕನ್ನಡಿಗರೆಲ್ಲರೂ ಬಲ್ಲರು. ಆದರೆ ಅದನ್ನು ಶುದ್ಧ-ಅಶುದ್ಧಗಳ ಭೇದವೆಂದು ತಿಳಿಯದೆ, ಪ್ರತಿಯೊಂದಕ್ಕೂ ತನ್ನದೇ ವ್ಯವಸ್ಥೆಯಿದೆಯೆಂದು ಪರಿಶೀಲಿಸಲು ಶಾಸ್ತ್ರೀಯ ತರಬೇತಿ ಬೇಕಾಗುತ್ತದೆ.

ನಾಯಕರ ಮುಂದಿನ ಕೆಲಸಗಳನ್ನು ಗಮನಿಸಿದರೆ ಈ ತರಬೇತಿಯ ಫಲ ಸ್ಪಷ್ಟವಾಗುತ್ತದೆ. ಆಡುಮಾತಿಗೆ ಸ್ವತಂತ್ರ ವ್ಯವಸ್ಥೆಯಿದೆಯೆಂದು ಒಪ್ಪಿದ ವಿದ್ವಾಂಸನಿಗೆ ಆಡುಮಾತಿನಲ್ಲಿ ಸೃಷ್ಟಿಯಾದ ಹಾಡು, ಕತೆ, ಗಾದೆ, ಒಗಟುಗಳಿಗೂ ಶಾಸ್ತ್ರೀಯ ಸ್ಥಾನವಿದೆಯೆಂದು ಒಪ್ಪುವುದು ಸಹಜವಾದ ಮುಂದಿನ ಹೆಜ್ಜೆ. 1971ರಲ್ಲಿ ಪ್ರಕಟವಾದ ಅವರ ‘ಜಾನಪದ ಸ್ವರೂಪ’ವು ಕನ್ನಡದಲ್ಲಿ ಜಾನಪದದ ವ್ಯಾಪ್ತಿ, ವರ್ಗೀಕರಣ, ಅಧ್ಯಯನ ವಿಧಾನಗಳನ್ನು ಕ್ರಮಬದ್ಧವಾಗಿ ವಿವರಿಸಿದ ಆರಂಭದ ಗ್ರಂಥಗಳಲ್ಲಿ ಒಂದು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿ, ಗುಲಬರ್ಗಾ ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, 1985ರ ಬೀದರ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, ಅಂಕಣಕಾರರಾಗಿ ಅವರು ಕೆಲಸ ಮಾಡಿದರು. ‘ಸಂಪ್ರತಿ’ ಅಂಕಣ ಬರೆಹಗಳಿಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂದಿತು. ಭಾಷಾವಿಜ್ಞಾನದ ಪದವಿಯಿಂದ ಜಾನಪದ, ವಿಶ್ವಕೋಶ, ಆಡಳಿತ, ಪತ್ರಿಕಾ ಬರೆಹಗಳವರೆಗಿನ ಈ ಹಾದಿಯು ಆರಂಭದ ಪ್ರಶ್ನೆಗೆ ಜಿಲ್ಲೆಯೊಳಗಿಂದಲೇ ದೊರೆಯುವ ಒಂದು ಉತ್ತರ.

ಒಂದು ತಲೆಮಾರಿನ ಹಾದಿಗಳು

ಈ ಇಬ್ಬರನ್ನು ಅಪವಾದಗಳೆಂದು ಭಾವಿಸಬೇಕಾಗಿಲ್ಲ. 1950ರ ದಶಕದಲ್ಲಿ ಡೆಕ್ಕನ್ ಕಾಲೇಜು ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಭಾಷಾವಿಜ್ಞಾನದ ರಜಾಕಾಲದ ಶಿಬಿರಗಳನ್ನು ಏರ್ಪಡಿಸಲು ತೊಡಗಿತು. ಅದರ ನಿರ್ದೇಶಕರಾಗಿದ್ದವರು ಎಸ್.ಎಂ. ಕತ್ರೆ. ಭಾರತೀಯ ಭಾಷೆಗಳ ಅನೇಕ ತರುಣ ಅಧ್ಯಾಪಕರಿಗೆ ಆಧುನಿಕ ವರ್ಣನಾತ್ಮಕ ಭಾಷಾವಿಜ್ಞಾನ ಪರಿಚಯವಾದುದು ಈ ಶಿಬಿರಗಳಲ್ಲಿ. ಆಡುಗನ್ನಡವನ್ನು ಕುರಿತ ವಿಲಿಯಂ ಬ್ರೈಟ್ ಅವರ ಗ್ರಂಥ 1958ರಲ್ಲಿ ಅಲ್ಲಿಂದಲೇ ಪ್ರಕಟವಾಯಿತು. ಎಚ್.ಎಸ್. ಬಿಳಿಗಿರಿ ಅವರು ಪೂರ್ವ ಭಾರತದ ಖಡಿಯಾ ಎಂಬ ಮುಂಡಾ ಭಾಷೆಯ ವ್ಯಾಕರಣವನ್ನು ಬರೆದರು. ಡಿ.ಎನ್. ಶಂಕರ ಭಟ್ಟರು ತುಳು, ಕೊರಗ ಭಾಷೆಗಳ ವಿಶ್ಲೇಷಣೆಯಿಂದ ಆರಂಭಿಸಿ, ಮಣಿಪುರದಲ್ಲಿ ಪ್ರಾಧ್ಯಾಪಕರಾಗಿ, ಜಗತ್ತಿನ ಭಾಷೆಗಳ ಸಮಾನ ಲಕ್ಷಣಗಳ ಶೋಧಕರಾಗಿ ಹೆಸರಾದರು. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂಬ ಅವರ ವಾದ 2000ದಿಂದ ಈಚೆಗೆ ಕನ್ನಡ ಓದುಗರಲ್ಲಿ ಹೊಸ ಚರ್ಚೆಯನ್ನೇ ಹುಟ್ಟುಹಾಕಿತು. ಯು.ಪಿ. ಉಪಾಧ್ಯಾಯರು ನಂಜನಗೂಡು ಕನ್ನಡದ ವಿವರಣೆಯಿಂದ ಮುಂದುವರಿದು, 1988ರಿಂದ 1997ರ ಅವಧಿಯಲ್ಲಿ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟಿನ ಪ್ರಧಾನ ಸಂಪಾದಕರಾದರು.

ಜಾನಪದ ವಿದ್ವಾಂಸರಿಗೆ ಎ.ಕೆ. ರಾಮಾನುಜನ್ ಅವರ ಉದಾಹರಣೆ ಇನ್ನೂ ಮುಖ್ಯ. ಅವರು 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾನಿಲಯದಿಂದಲೇ ಕನ್ನಡದ ಉತ್ಪಾದಕ ವ್ಯಾಕರಣವನ್ನು ಕುರಿತು ಪಿಎಚ್.ಡಿ. ಪಡೆದರು. ಆದರೆ ಜಗತ್ತು ಅವರನ್ನು ನೆನೆಯುವುದು ಅನುವಾದಕರಾಗಿ, ಕವಿಯಾಗಿ, ಕನ್ನಡ ಜನಪದ ಕತೆಗಳ ಸಂಗ್ರಾಹಕ ಹಾಗೂ ವ್ಯಾಖ್ಯಾನಕಾರರಾಗಿ. ದ್ರಾವಿಡ ವ್ಯುತ್ಪತ್ತಿ ಕೋಶವನ್ನು ಥಾಮಸ್ ಬರೋ ಅವರೊಡನೆ 1961ರಲ್ಲಿ ಪ್ರಕಟಿಸಿದ ಎಂ.ಬಿ. ಎಮೆನೊ ಅವರು ನೀಲಗಿರಿಯ ಕೋತರ ಕತೆಗಳನ್ನೂ ತೋಡರ ಹಾಡುಗಳನ್ನೂ ದಾಖಲಿಸಿದರು. ಲಿಪಿಯಿಲ್ಲದ ಭಾಷೆಯ ವ್ಯಾಕರಣವನ್ನು ಬರೆಯಲು ಹೊರಟವರಿಗೆ ಸಾಮಗ್ರಿಯಾಗಿ ದೊರೆಯುವುದು ಆ ಜನರ ಕತೆ ಮತ್ತು ಹಾಡುಗಳೇ. ಆದ್ದರಿಂದ ಭಾಷಾವಿಜ್ಞಾನದ ಕ್ಷೇತ್ರಕಾರ್ಯ ಜಾನಪದ ಸಂಗ್ರಹವೂ ಆಗುತ್ತದೆ.

1969ರಲ್ಲಿ ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನವು ಡಿ.ಪಿ. ಪಟ್ಟನಾಯಕ್ ಅವರ ನಿರ್ದೇಶಕತ್ವದಲ್ಲಿ ಆರಂಭವಾದಾಗ ಈ ವಿದ್ಯೆಗೆ ರಾಜ್ಯದೊಳಗೇ ಒಂದು ದೊಡ್ಡ ನೆಲೆ ದೊರೆಯಿತು. ಬುಡಕಟ್ಟು ಭಾಷೆಗಳ ವ್ಯಾಕರಣ, ಅನ್ಯಭಾಷಿಕರಿಗೆ ಕನ್ನಡ ಬೋಧನೆ, ಪಠ್ಯನಿರ್ಮಾಣ, ಭಾಷಾಯೋಜನೆಗಳಲ್ಲಿ ತರಬೇತಿ ಪಡೆದವರಿಗೆ ಉದ್ಯೋಗವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗೆ ಪ್ರಕಟವಾದವು. ಮಾತು ಮತ್ತು ಶ್ರವಣ ದೋಷಗಳ ಚಿಕಿತ್ಸೆಗಾಗಿ 1960ರ ದಶಕದ ಮಧ್ಯಭಾಗದಲ್ಲಿ ಮೈಸೂರಿನಲ್ಲಿ ಆರಂಭವಾದ ವಾಕ್ ಶ್ರವಣ ಸಂಸ್ಥೆಯ ಕೆಲಸಕ್ಕೂ ಧ್ವನಿವಿಜ್ಞಾನವೇ ತಳಹದಿ. ಗಣಕದಲ್ಲಿ ಕನ್ನಡದ ಬಳಕೆ, ಪದಪರೀಕ್ಷಕ, ಯಂತ್ರಾನುವಾದ, ಧ್ವನಿಯನ್ನು ಬರೆಹವಾಗಿಸುವ ತಂತ್ರಗಳು ಇತ್ತೀಚಿನ ಹಾದಿಗಳು. 2022ರಲ್ಲಿ ಕೇಂದ್ರ ಸರ್ಕಾರವು ಭಾಷಿಣಿ ಯೋಜನೆಯನ್ನು ಆರಂಭಿಸಿದ ಮೇಲೆ ಭಾರತೀಯ ಭಾಷೆಗಳ ಧ್ವನಿ ಮತ್ತು ಪಠ್ಯಗಳ ಸಂಗ್ರಹಕ್ಕೆ ಹೊಸ ಬೇಡಿಕೆ ಬಂದಿದೆ. ಗ್ರಾಂಥಿಕ ಕನ್ನಡದ ಪಠ್ಯಗಳನ್ನು ಮಾತ್ರ ಉಣಿಸಿದ ಯಂತ್ರಕ್ಕೆ ಸಾಗರದ ಅಥವಾ ಭದ್ರಾವತಿಯ ಮಾತು ಅರ್ಥವಾಗುವುದು ಕಷ್ಟ. ಹಾ.ಮಾ. ನಾಯಕರು ವಿವೇಚಿಸಿದ ಎರಡು ಶೈಲಿಗಳ ಸಮಸ್ಯೆಯೇ ಇಲ್ಲಿ ಹೊಸ ರೂಪದಲ್ಲಿ ಎದುರಾಗಿದೆ.

ಶಿವಮೊಗ್ಗ–ಭದ್ರಾವತಿಯ ಭಾಷಿಕ ಪರಿಸರ

1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ ಜ್ಞಾನಸಹ್ಯಾದ್ರಿ ಆವರಣವು ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿದೆ. ಅದರ ಕನ್ನಡ ಭಾರತಿ ವಿಭಾಗವು ಮಲೆನಾಡು ಮತ್ತು ಸುತ್ತಲಿನ ಬಯಲುಸೀಮೆಯ ವಿದ್ಯಾರ್ಥಿಗಳಿಗೆ ಉನ್ನತ ಅಧ್ಯಯನದ ಅವಕಾಶ ನೀಡಿದೆ. 1940ರಲ್ಲಿ ಇಂಟರ್‌ಮೀಡಿಯಟ್ ಕಾಲೇಜಾಗಿ ಆರಂಭವಾದ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನ ಕಾಲದಲ್ಲಿ ಮುಂದಿನ ಓದಿಗಾಗಿ ಮೈಸೂರಿಗೆ, ಭಾಷಾವಿಜ್ಞಾನಕ್ಕಾಗಿ ಕಲ್ಕತ್ತೆಗೆ ಅಥವಾ ಪುಣೆಗೆ ಹೋಗಬೇಕಾಗಿತ್ತು. ಇಂದು ವಿಶ್ವವಿದ್ಯಾನಿಲಯವೇ ಭದ್ರೆಯ ಬಳಿಯಲ್ಲಿದೆ. ಅದರ ಸುತ್ತ ಮೂವತ್ತು ನಲವತ್ತು ಕಿಲೋಮೀಟರುಗಳ ವ್ಯಾಪ್ತಿಯಲ್ಲಿ ಕೇಳಿಬರುವ ಮಾತುಗಳ ವೈವಿಧ್ಯ ಭಾಷಾವಿಜ್ಞಾನದ ಒಂದು ಪ್ರಯೋಗಶಾಲೆಗೆ ಸಾಲುವಷ್ಟಿದೆ.

ಶಿವಮೊಗ್ಗ ನಗರದ ಸಮೀಪದಲ್ಲಿ ತುಂಗಾ ತೀರದ ಮತ್ತೂರು ಮತ್ತು ಹೊಸಹಳ್ಳಿಗಳು ಅವಳಿ ಗ್ರಾಮಗಳು. 1980ರ ದಶಕದಿಂದ ಈಚೆಗೆ ಸಂಸ್ಕೃತ ಮಾತನಾಡುವ ಊರೆಂದು ಮತ್ತೂರು ದೇಶವಿದೇಶಗಳಲ್ಲಿ ಪ್ರಸಿದ್ಧವಾಗಿದೆ. ಗಮಕ ಕಲೆಗಾಗಿ ಹೊಸಹಳ್ಳಿ ಹೆಸರಾಗಿದೆ. ಆದರೆ ಅಲ್ಲಿಯ ಸಂಕೇತಿ ಕುಟುಂಬಗಳ ಮನೆಮಾತು ಸಂಕೇತಿ. ತಮಿಳು ಮತ್ತು ಮಲಯಾಳಗಳಿಗೆ ಹತ್ತಿರವಾದ ಮೂಲರೂಪಗಳನ್ನು ಉಳಿಸಿಕೊಂಡು, ಶತಮಾನಗಳ ಕಾಲ ಕನ್ನಡದ ನಡುವೆ ಬಾಳಿ, ಅದರ ಪ್ರಭಾವವನ್ನು ಆಳವಾಗಿ ಹೀರಿಕೊಂಡ ಮಾತು ಅದು. ಸಂಕೇತಿಗಳ ಪೂರ್ವಜರು ನಾಚಾರಮ್ಮ ಎಂಬ ವಿದುಷಿಯ ಹಿಂದೆ ಸೆಂಗೋಟೈ ಸೀಮೆಯಿಂದ ಹೊರಟು ಬಂದರೆಂಬ ಐತಿಹ್ಯವನ್ನು ಆ ಸಮುದಾಯ ಇಂದಿಗೂ ಹೇಳುತ್ತದೆ. ಸೆಂಗೋಟೈ ತಮಿಳು ಮತ್ತು ಮಲಯಾಳ ನಾಡುಗಳು ಸಂಧಿಸುವ ಪ್ರದೇಶ. ಐತಿಹ್ಯದ ದಿಕ್ಕು ಮತ್ತು ಭಾಷೆಯ ಸಾಕ್ಷ್ಯ ಇಲ್ಲಿ ಪರ ಸ್ಪರ ಹೊಂದುತ್ತವೆ. ಜಾನಪದ ಮತ್ತು ಭಾಷಾವಿಜ್ಞಾನಗಳು ಕೈಜೋಡಿಸಿದಾಗ ವಲಸೆಯ ಚರಿತ್ರೆಯನ್ನು ಹೇಗೆ ಕಟ್ಟಬಹುದೆಂಬುದಕ್ಕೆ ಇದು ಉತ್ತಮ ನಿದರ್ಶನ. ಸಂಸ್ಕೃತದ ಕೀರ್ತಿಯ ಮರೆಯಲ್ಲಿ ಸಂಕೇತಿಯ ಕಡೆಗೆ ಹೊರಗಿನವರ ಗಮನ ಹರಿಯುವುದು ಕಡಿಮೆಯಾಗಿದೆ ಎಂಬುದನ್ನೂ ಇಲ್ಲಿ ಹೇಳಬೇಕು.

ಸಾಗರದ ಕಡೆಯ ಹವ್ಯಕ ಕನ್ನಡದಲ್ಲಿ ‘ನಾನು’ ಎಂಬುದಕ್ಕೆ ‘ಆನು’ ಎಂಬ ರೂಪವಿದೆ. ಹಳಗನ್ನಡದ ‘ಆನ್’ ಕಾವ್ಯಗಳಲ್ಲಿ ಮಾತ್ರ ಉಳಿದಿದೆಯೆಂದು ತಿಳಿದ ವಿದ್ಯಾರ್ಥಿಗೆ ಅದು ನೆರೆಯ ಮನೆಯ ಜಗಲಿಯಲ್ಲಿ ಕೇಳಿಬರುತ್ತದೆ. ಅದೇ ಮಾತಿನಲ್ಲಿ ಹೆಂಗಸರನ್ನು ಕುರಿತು ಹೇಳುವಾಗ ‘ಅಕ್ಕ ಬಂತು’ ಎಂದು ನಪುಂಸಕ ರೂಪದ ಕ್ರಿಯಾಪದವನ್ನು ಬಳಸುವುದು ಗೌರವದ ಕೊರತೆಯನ್ನು ಸೂಚಿಸುವುದಿಲ್ಲ. ಅದು ಆ ಉಪಭಾಷೆಯ ಲಿಂಗವ್ಯವಸ್ಥೆ. ಇದನ್ನು ಅರಿಯದ ಅಧ್ಯಾಪಕರು ಮಕ್ಕಳ ಮಾತನ್ನು ತಪ್ಪೆಂದು ತಿದ್ದಿದರೆ, ಮಕ್ಕಳು ತಮ್ಮ ಮನೆಮಾತನ್ನೇ ಕೀಳೆಂದು ಭಾವಿಸುವಂತಾಗುತ್ತದೆ.

ಜಿಲ್ಲೆಯ ತಾಂಡಾಗಳ ಲಂಬಾಣಿ ಮತ್ತು ಹಕ್ಕಿಪಿಕ್ಕಿ ಶಿಬಿರಗಳ ವಾಗ್ರಿ ಇಂಡೋ-ಆರ್ಯನ್ ಮೂಲದ ಮಾತುಗಳು. ವಾಗ್ರಿಯನ್ನು ಕುರಿತು ಜಿ. ಶ್ರೀನಿವಾಸ ವರ್ಮ ಅವರ ಗ್ರಂಥ 1970ರಲ್ಲಿಯೇ ಅಣ್ಣಾಮಲೈ ವಿಶ್ವವಿದ್ಯಾನಿಲಯದಿಂದ ಪ್ರಕಟವಾಯಿತು. ಅದು ತಮಿಳುನಾಡಿನ ಸಮುದಾಯವನ್ನು ಆಧರಿಸಿದುದು. ಕನ್ನಡದ ನಡುವೆ ಬಾಳಿದ ವಾಗ್ರಿಯಲ್ಲಿ ಯಾವ ಬದಲಾವಣೆಗಳಾಗಿವೆ ಎಂಬ ಪ್ರಶ್ನೆಗೆ ಇಲ್ಲಿಯ ಶಿಬಿರಗಳಲ್ಲಿಯೇ ಉತ್ತರ ಹುಡುಕಬೇಕು. 2023ರಲ್ಲಿ ಸುಡಾನ್ ದೇಶದಲ್ಲಿ ಯುದ್ಧ ಆರಂಭವಾದಾಗ ಅಲ್ಲಿ ಸಿಲುಕಿಕೊಂಡ ಕರ್ನಾಟಕದ ಹಕ್ಕಿಪಿಕ್ಕಿಗಳ ಸುದ್ದಿಯಿಂದ, ಗಿಡಮೂಲಿಕೆಯ ವ್ಯಾಪಾರಕ್ಕಾಗಿ ಈ ಜನ ಆಫ್ರಿಕದವರೆಗೆ ಸಂಚರಿಸುತ್ತಾರೆಂಬುದು ನಾಡಿಗೆಲ್ಲ ತಿಳಿಯಿತು. ಮನೆಯಲ್ಲಿ ಒಂದು, ಸಂತೆಯಲ್ಲಿ ಇನ್ನೊಂದು, ಪರದೇಶದಲ್ಲಿ ಮತ್ತೊಂದು ಭಾಷೆಯಾಡುವ ಅವರ ಬಹುಭಾಷಿಕತೆಯನ್ನು ಗಂಭೀರವಾಗಿ ಅಧ್ಯಯನ ಮಾಡಬೇಕಾಗಿದೆ.

ಭದ್ರಾವತಿಯ ಸ್ಥಿತಿ ಇನ್ನೊಂದು ಬಗೆಯದು. 1918ರಲ್ಲಿ ಕೆಲಸ ಆರಂಭವಾಗಿ 1923ರಲ್ಲಿ ಉತ್ಪಾದನೆಗೆ ತೊಡಗಿದ ಮೈಸೂರು ಕಬ್ಬಿಣ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪಿತವಾದ ಕಾಗದ ಕಾರ್ಖಾನೆಗಳು ತಮಿಳು, ತೆಲುಗು, ಮಲಯಾಳ, ಉರ್ದು, ಮರಾಠಿ, ತುಳು, ಕೊಂಕಣಿ ಮಾತನಾಡುವ ಕಾರ್ಮಿಕರನ್ನು ಒಂದೇ ಊರಿನಲ್ಲಿ ಸೇರಿಸಿದವು. ಶಿಫ್ಟು, ಫರ್ನೇಸು, ರೋಲು, ಗೇಟುಪಾಸು ಮೊದಲಾದ ಪದಗಳು ಕನ್ನಡದ ಪದಾಂತ್ಯದ ನಿಯಮಕ್ಕೆ ಒಳಪಟ್ಟು ಉಕಾರವನ್ನು ಪಡೆದು ಎಲ್ಲರ ಮಾತಿನಲ್ಲಿ ಬೆರೆತವು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅವರು ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಮಾತುಗಳು ಪದಕೋಶದಲ್ಲಿ ಬೇರೆಯಾಗಿ ಉಳಿದರೂ ವಾಕ್ಯರಚನೆಯಲ್ಲಿ ಒಂದಕ್ಕೊಂದು ಹತ್ತಿರವಾದುದನ್ನು 1971ರಲ್ಲಿ ವಿವರಿಸಿದರು. ಕುಪ್ವಾಡದ್ದು ಶತಮಾನಗಳ ಕೃಷಿ ಸಮಾಜ. ಭದ್ರಾವತಿಯದು ನೂರು ವರ್ಷಗಳ ಕೈಗಾರಿಕಾ ಸಮಾಜ. ಇಷ್ಟು ಕಡಿಮೆ ಅವಧಿಯಲ್ಲಿ ಭಾಷೆಗಳು ಎಷ್ಟರಮಟ್ಟಿಗೆ ಹೊಂದಿಕೊಳ್ಳುತ್ತವೆ ಎಂಬುದು ಶಾಸ್ತ್ರಕ್ಕೆ ಬೆಲೆಯುಳ್ಳ ಪ್ರಶ್ನೆ. ಕಾಗದ ಕಾರ್ಖಾನೆಯ ಉತ್ಪಾದನೆ 2010ರ ದಶಕದ ಮಧ್ಯಭಾಗದಲ್ಲಿ ಸ್ಥಗಿತವಾಯಿತು. ಕಾರ್ಮಿಕ ಕುಟುಂಬಗಳು ಚದುರಿದಂತೆ ಈ ಪ್ರಶ್ನೆಗೆ ಉತ್ತರ ನೀಡಬಲ್ಲ ಮಾತೂ ಚದುರುತ್ತದೆ.

ಸ್ಥಳನಾಮಗಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ಕಬ್ಬಿಣದ ಕುಲುಮೆಯ ಬೆಂಕಿಯಿಂದ ಈ ಹೆಸರು ಬಂದಿತೆಂದು ಹೇಳುವವರಿದ್ದಾರೆ. ಕಾರ್ಖಾನೆಗಿಂತ ಮೊದಲೇ ಆ ಹೆಸರು ಇದ್ದುದರಿಂದ ಈ ನಿರುಕ್ತಿ ನಿಲ್ಲುವುದಿಲ್ಲ. ಶಿವಮೊಗ್ಗವನ್ನು ಶಿವನ ಮೊಗವೆಂದೂ, ದೂರ್ವಾಸ ಋಷಿಯ ಆಶ್ರಮದ ಸಿಹಿಯಾದ ಮೊಗೆಯೆಂದೂ ವಿವರಿಸುವ ಐತಿಹ್ಯಗಳು ಪ್ರಚಲಿತವಾಗಿವೆ. ‘ಸಿಹಿ’ ಎಂಬುದರ ಹಳೆಯ ರೂಪ ‘ಸೀ’. ಸೀಯಾಳವೆಂಬ ಪದದಲ್ಲಿ ಅದು ಇಂದಿಗೂ ಉಳಿದಿದೆ. ಪ್ರಾಚೀನವೆಂದು ಹೇಳುವ ಹೆಸರಿನಲ್ಲಿ ಈಚಿನ ರೂಪವಿರುವುದನ್ನು ಭಾಷಾವಿಜ್ಞಾನಿ ಪ್ರಶ್ನಿಸುತ್ತಾನೆ. ಜನರು ತಮ್ಮ ಊರನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆಂಬುದಕ್ಕೆ ಅದೇ ಐತಿಹ್ಯವು ಜಾನಪದ ವಿದ್ವಾಂಸನಿಗೆ ಸಾಕ್ಷ್ಯವಾಗುತ್ತದೆ. ಎರಡು ಬಗೆಯ ಸತ್ಯಗಳನ್ನು ಬೆರೆಸದೆ, ಎರಡನ್ನೂ ಉಳಿಸಿಕೊಳ್ಳುವುದು ಸಂಶೋಧಕನ ಹೊಣೆ.

ಜಾನಪದ ಸಂಗ್ರಹ ಮತ್ತು ಲಿಪ್ಯಂಕನ

ಭಾಷಾವಿಜ್ಞಾನದ ತರಬೇತಿಯಿಲ್ಲದ ಜಾನಪದ ಸಂಗ್ರಹದಲ್ಲಿ ಉಂಟಾಗುವ ನಷ್ಟವನ್ನು ವಿಶೇಷವಾಗಿ ಗಮನಿಸಬೇಕಾಗಿದೆ. ಹಾಡು ಕತೆಗಳನ್ನು ಅಚ್ಚಿಗೆ ಸಿದ್ಧಪಡಿಸುವಾಗ ಹಾಡುಗಾರರ ಉಚ್ಚಾರವನ್ನು ಗ್ರಾಂಥಿಕ ಕನ್ನಡಕ್ಕೆ ಹೊಂದಿಸಿ ತಿದ್ದುವ ವಾಡಿಕೆ ಬಹುಕಾಲ ಇತ್ತು. ಓದುಗರಿಗೆ ಸುಲಭವಾಗಲಿ ಎಂಬ ಸದುದ್ದೇಶವೇ ಇದಕ್ಕೆ ಕಾರಣ. ‘ಆಲು’ ಎಂದು ಹಾಡಿದುದು ‘ಹಾಲು’ ಎಂದೂ, ‘ಒರ್ಸ’ ಎಂದುದು ‘ವರ್ಷ’ ಎಂದೂ ಅಚ್ಚಾದಾಗ ಪದದ ಅರ್ಥ ಕೆಡುವುದಿಲ್ಲ. ಆದರೆ ಹಾಡಿನ ಮಾತ್ರೆ ಕೆಡುತ್ತದೆ, ಪ್ರಾಸ ತಪ್ಪುತ್ತದೆ, ಉಪಭಾಷೆಯ ಸಾಕ್ಷ್ಯ ಅಳಿಯುತ್ತದೆ.

ಕತೆಗಳಲ್ಲಿ ಈ ನಷ್ಟ ಅರ್ಥದವರೆಗೂ ತಲುಪುತ್ತದೆ. ಕತೆ ಹೇಳುವ ಅಜ್ಜಿ ರಾಜನೊಬ್ಬ ‘ಇದ್ನಂತೆ’ ಎನ್ನುತ್ತಾಳೆ. ಆ ‘ಅಂತೆ’ಯು ತಾನು ಕಂಡುದಲ್ಲ, ಹಿರಿಯರಿಂದ ಕೇಳಿದುದು ಎಂಬುದನ್ನು ಸೂಚಿಸುವ ವ್ಯಾಕರಣಾಂಶ. ಮಾಹಿತಿಯ ಮೂಲವನ್ನು ಕ್ರಿಯಾರೂಪದಲ್ಲಿಯೇ ಗುರುತಿಸುವ ಇಂತಹ ವ್ಯವಸ್ಥೆಗಳನ್ನು ಭಾಷಾವಿಜ್ಞಾನಿಗಳು ಜಗತ್ತಿನ ಹಲವು ಭಾಷೆಗಳಲ್ಲಿ ಗುರುತಿಸಿದ್ದಾರೆ. ಸಂಪಾದಕನು ಅದನ್ನು ‘ಇದ್ದನು’ ಎಂದು ತಿದ್ದಿದ ಕೂಡಲೇ ಕತೆಗೂ ಕತೆಗಾರ್ತಿಗೂ ಇದ್ದ ಸಂಬಂಧ ಬದಲಾಗುತ್ತದೆ. ಕೇಳಿದುದನ್ನು ಒಪ್ಪಿಸುವವಳು ಕಂಡುದನ್ನು ವರದಿ ಮಾಡುವವಳಾಗುತ್ತಾಳೆ. ಅವಳು ಕತೆಯ ಯಾವ ಭಾಗದಲ್ಲಿ ‘ಅಂತೆ’ಯನ್ನು ಬಿಟ್ಟು ನೇರ ನಿರೂಪಣೆಗೆ ಬರುತ್ತಾಳೆ, ಎಲ್ಲಿ ಮತ್ತೆ ‘ಅಂತೆ’ಗೆ ಮರಳುತ್ತಾಳೆ ಎಂಬುದರಲ್ಲಿ ನಿರೂಪಣೆಯ ಕಲೆ ಅಡಗಿದೆ. ತಿದ್ದಿದ ಪಠ್ಯದಿಂದ ಅದನ್ನು ಮರಳಿ ಪಡೆಯಲು ಸಾಧ್ಯವಿಲ್ಲ.

1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಕೇಂದ್ರವು ಈ ಭಾಗದ ಜನಪದ ಕಲಾವಿದರ ದನಿಗೆ ಒಂದು ವೇದಿಕೆಯನ್ನು ಒದಗಿಸಿತು. ಅಚ್ಚಿನ ಪಠ್ಯದಲ್ಲಿ ಕಳೆದುಹೋಗುವ ಉಚ್ಚಾರ, ಲಯ, ನಿಲುಗಡೆಗಳು ಧ್ವನಿಮುದ್ರಣದಲ್ಲಿ ಉಳಿಯುತ್ತವೆ. ಆದರೆ ಧ್ವನಿಯನ್ನು ಕೇಳಿ ನಿಷ್ಕೃಷ್ಟವಾಗಿ ಬರೆದುಕೊಳ್ಳಬಲ್ಲ, ಬರೆದುಕೊಂಡುದನ್ನು ವಿಶ್ಲೇಷಿಸಬಲ್ಲ ಕಿವಿಗಳು ಸಿದ್ಧವಾಗದಿದ್ದರೆ ಧ್ವನಿಮುದ್ರಿಕೆಯೂ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಕಿವಿಯನ್ನು ಹಾಗೆ ಸಿದ್ಧಪಡಿಸುವುದು ಭಾಷಾವಿಜ್ಞಾನದ ಪ್ರಥಮ ಪಾಠ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಭಾಷಾವಿಜ್ಞಾನವನ್ನು ಓದಿದವರು ಒಂದೇ ವೃತ್ತಿಗೆ ಸೀಮಿತರಾಗಲಿಲ್ಲ. ನಿಘಂಟು, ವಿಶ್ವಕೋಶ, ಶಾಸನಶೋಧ, ಭಾಷಾಬೋಧನೆ, ಜಾನಪದ, ಅನುವಾದ, ವಾಕ್ ಚಿಕಿತ್ಸೆ, ಗಣಕ ತಂತ್ರಜ್ಞಾನ ಮೊದಲಾದ ಕ್ಷೇತ್ರಗಳಲ್ಲಿ ಅವರು ಕೆಲಸ ಮಾಡಿದ್ದಾರೆ. ಈ ಹಾದಿಗಳಲ್ಲಿ ಕೆಲವಕ್ಕೆ ಹುದ್ದೆಗಳು ಕಡಿಮೆ ಎಂಬುದು ನಿಜ. ಭಾಷಾವಿಜ್ಞಾನದೊಡನೆ ಕನ್ನಡ, ಶಿಕ್ಷಣ, ಜಾನಪದ ಅಥವಾ ಗಣಕ ವಿಜ್ಞಾನದಲ್ಲಿ ಇನ್ನೊಂದು ಪರಿಣತಿಯನ್ನು ಸೇರಿಸಿಕೊಂಡವರಿಗೆ ಅವಕಾಶಗಳು ಹೆಚ್ಚು. ಹಾ.ಮಾ. ನಾಯಕ, ಚಿದಾನಂದಮೂರ್ತಿ, ರಾಮಾನುಜನ್ ಅವರ ಸಾಧನೆಯೂ ಇಂತಹ ಎರಡು ವಿದ್ಯೆಗಳ ಕೂಡುವಿಕೆಯಿಂದಲೇ ಆದುದು.

ಎರಡನೆಯದಾಗಿ, ಭಾಷಾವಿಜ್ಞಾನವನ್ನು ಒಂದು ಪತ್ರಿಕೆಯಾಗಿ ಬೋಧಿಸುವಲ್ಲಿಯೂ ಅದನ್ನು ಪುಸ್ತಕದ ಪಾಠವಾಗಿಯಷ್ಟೇ ಉಳಿಸಬೇಕಾಗಿಲ್ಲ. ಶಂಕರಘಟ್ಟ, ಭದ್ರಾವತಿ, ಶಿವಮೊಗ್ಗ ನಗರದ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ಮನೆಯ ಹಿರಿಯರೊಬ್ಬರ ಅರ್ಧ ಗಂಟೆಯ ಮಾತನ್ನು ಮುದ್ರಿಸಿಕೊಂಡು, ತಿದ್ದದೆ ಬರೆದು, ಅದರ ಸರ್ವನಾಮ, ಕ್ರಿಯಾಪದ, ಬಂಧುವಾಚಕಗಳನ್ನು ಪಟ್ಟಿಮಾಡುವುದನ್ನು ಪಠ್ಯದ ಭಾಗವಾಗಿಸಬಹುದು. ಪ್ರತಿ ವರ್ಷ ಹೀಗೆ ಸೇರುವ ಸಾಮಗ್ರಿಯು ಹತ್ತು ವರ್ಷಗಳಲ್ಲಿ, ಗ್ರಿಯರ್ಸನ್ ಸರ್ವೇಕ್ಷಣೆ ಮುಟ್ಟದೆ ಹೋದ ಈ ಪ್ರದೇಶದ ಒಂದು ಭಾಷಾಕೋಶವಾಗುತ್ತದೆ. ಇದಕ್ಕೆ ದೊಡ್ಡ ಅನುದಾನದ ಅಗತ್ಯವಿಲ್ಲ. ಸಂಕೇತಿ, ವಾಗ್ರಿ, ಲಂಬಾಣಿ, ಹವ್ಯಕ ಮನೆಗಳಿಂದ ಬಂದ ಮಕ್ಕಳೂ ಭದ್ರಾವತಿಯ ಕಾರ್ಮಿಕ ಕುಟುಂಬಗಳ ಮಕ್ಕಳೂ ತರಗತಿಯಲ್ಲಿಯೇ ಇದ್ದಾರೆ. ಹಳೆಯ ರೂಪಗಳನ್ನು ಬಲ್ಲ ಅವರ ಅಜ್ಜ ಅಜ್ಜಿಯರು ಈಗ ಎಪ್ಪತ್ತು ಎಂಬತ್ತರ ವಯಸ್ಸಿನವರು. ಆದ್ದರಿಂದ ಈ ಕಾರ್ಯವನ್ನು ಮುಂದಿನ ಪಠ್ಯಕ್ರಮ ಪರಿಷ್ಕರಣೆಯವರೆಗೆ ಕಾಯದೆ ಪ್ರಸಕ್ತ ಶೈಕ್ಷಣಿಕ ವರ್ಷದಲ್ಲಿಯೇ ಆರಂಭಿಸುವುದು ಉಚಿತ.